ಒಂದು ನೋವಿನ ವಂಶಾವಳಿ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರನ್ನೂ ಪಿರಿಯಾಪಟ್ಟಣವನ್ನೂ ದಾಟಿ, ಕುಶಾಲನಗರವನ್ನು ಇನ್ನೇನು ಸೇರಬೇಕೆನ್ನುವಷ್ಟರಲ್ಲಿ ಸಿಕ್ಕುವ ಬೈಲಕುಪ್ಪೆಯನ್ನು ಪ್ರವಾಸಿಗಳು ಬಂಗಾರದ ಬುದ್ಧಮೂರ್ತಿಗಳ ಊರೆಂದು ಬಲ್ಲರು. ತಾಯ್ನಾಡನ್ನು ತೊರೆದು ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ಸರ್ಕಾರವು ಸುಮಾರು 3000 ಎಕರೆ ನೆಲವನ್ನು ಇಲ್ಲಿ ಬಿಟ್ಟುಕೊಟ್ಟು, 1960ರ ಕೊನೆಯಲ್ಲಿ ಅವರ ಮೊದಲ ತಂಡವು ಬಂದು ಕಾಡನ್ನು ಸವರಿ ಬೇಸಾಯಕ್ಕೆ ತೊಡಗಿದಂದಿನಿಂದ, ಒಂದಕ್ಕೊಂದು ಯಾವ ನಂಟೂ ಇಲ್ಲದಿದ್ದ ಎರಡು ಜನವರ್ಗಗಳು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತ, ಒಂದೇ ಬಸ್ಸಿನಲ್ಲಿ ಓಡಾಡುತ್ತ, ಅಕ್ಕಪಕ್ಕದ ಹೊಲಗಳಲ್ಲಿ ಮುಸುಕಿನ ಜೋಳವನ್ನೂ ಶುಂಠಿಯನ್ನೂ ಬೆಳೆಯುತ್ತ ಬಾಳಿಕೊಂಡು ಬಂದಿವೆ. ಇವರ ಭಾಷೆ, ಆಹಾರ, ಆರಾಧನೆಗಳ ಭೇದವನ್ನು ಯಾರಾದರೂ ಒಂದೇ ನೋಟಕ್ಕೆ ಗುರುತಿಸಬಲ್ಲರು. ಕಣ್ಣಿಗೆ ಕಾಣದ ಇನ್ನೊಂದು ಭೇದವುಂಟು. ವಂಶವಿಜ್ಞಾನಿಗೆ ಮುಖ್ಯವಾದುದು ಅದು. ಹೆದ್ದಾರಿಯ ಈಚೆಯ ಕನ್ನಡದ ಹಳ್ಳಿಯಲ್ಲಿ ಅಕ್ಕನ ಮಗಳನ್ನು ಕೇಳುವ ಹಕ್ಕು ಸೋದರಮಾವನಿಗೆ ಮೊದಲು ಸಲ್ಲುತ್ತದೆ. ಸೋದರತ್ತೆಯ ಮಗನಿರುವಾಗ ಹೊರಗಿನ ಗಂಡನ್ನು ಹುಡುಕಿದರೆ ನೆಂಟರು ಮುನಿಯುತ್ತಾರೆ. ಆಚೆಯ ಟಿಬೆಟನ್ ಶಿಬಿರದಲ್ಲಾದರೋ, ತಂದೆಯಿಂದ ಮೂಳೆಯೂ ತಾಯಿಯಿಂದ ರಕ್ತಮಾಂಸಗಳೂ ಬರುತ್ತವೆಂಬ ಪ್ರಾಚೀನ ನಂಬಿಕೆಯಿದ್ದು, ಒಂದೇ ಮೂಳೆಯವರೊಳಗೆ ತಲೆಮಾರುಗಳವರೆಗೆ ವಿವಾಹವು ನಿಷಿದ್ಧ.

ಈ ಎರಡು ಸಮುದಾಯಗಳ ಸ್ತ್ರೀಯರಿಗೂ ಬರಬಲ್ಲ, ಆದರೆ ಎರಡರಲ್ಲಿಯೂ ಹೆಸರು ಹಿಡಿದು ಯಾರೂ ಮಾತನಾಡದ ವ್ಯಾಧಿಯೊಂದರ ವಿಚಾರವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ವೈದ್ಯರು ಅದನ್ನು ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ. ಗರ್ಭಕೋಶದ ಒಳಗೋಡೆಗೆ ಹೊದಿಸಿದಂತಿರುವ ಮೃದುವಾದ ಪದರವು ತಿಂಗಳು ತಿಂಗಳೂ ಬೆಳೆದು, ಗರ್ಭ ನಿಲ್ಲದಿದ್ದಾಗ ಕಳಚಿಕೊಂಡು, ಮುಟ್ಟಿನ ರೂಪದಲ್ಲಿ ಹೊರಗೆ ಹೋಗುತ್ತದೆಯಷ್ಟೆ. ಅದನ್ನೇ ಹೋಲುವ ಅಂಗಾಂಶವು ಇರಬಾರದ ಎಡೆಗಳಲ್ಲಿ, ಎಂದರೆ ಅಂಡಾಶಯದ ಮೇಲೆ, ಗರ್ಭಕೋಶದ ಹಿಂದಣ ಕುಳಿಯಲ್ಲಿ, ಕರುಳು, ಮೂತ್ರಕೋಶ, ಉದರದ ಒಳಪೊರೆ ಇವುಗಳ ಮೇಲೆ ಬೇರೂರಿ, ಅಲ್ಲಿಯೂ ಹಾರ್ಮೋನುಗಳ ಕರೆಗೆ ಓಗೊಡುತ್ತ ಉಬ್ಬಿ, ಸ್ರವಿಸಿ, ಹೊರಹೋಗಲು ದಾರಿ ಕಾಣದೆ ಉರಿಯೂತವನ್ನೆಬ್ಬಿಸುವುದೇ ಈ ರೋಗ. ಹೊಕ್ಕುಳಿನ ಬಳಿ ಸಣ್ಣ ರಂಧ್ರವನ್ನು ಮಾಡಿ ಲ್ಯಾಪರೋಸ್ಕೋಪ್ ಎಂಬ ದೀಪವುಳ್ಳ ನಳಿಕೆಯನ್ನಿಳಿಸಿ ನೋಡುವ ಶಸ್ತ್ರವೈದ್ಯೆಗೆ, ಹೊಳಪಾದ ಪೊರೆಯ ಮೇಲೆ ಅಲ್ಲಲ್ಲಿ ನೀಲಿಗಪ್ಪಿನ ಚುಕ್ಕೆಗಳೂ, ಸುತ್ತ ಬಿಳಿಯ ಗಾಯದ ಕಲೆಗಳೂ, ಕೆಲವರಲ್ಲಿ ಕರುಳೂ ಗರ್ಭಕೋಶವೂ ಅಂಟಿಕೊಂಡು ಒಂದಾಗಿರುವುದೂ ಕಾಣುತ್ತವೆ. ಅಂಡಾಶಯದೊಳಗೆ ಹಳೆಯ ರಕ್ತವು ಸೇರಿ, ಗಟ್ಟಿಯಾಗಿ, ಕಂದುಬಣ್ಣಕ್ಕೆ ತಿರುಗಿದ ಚೀಲವನ್ನು ನಮ್ಮ ಊರುಗಳಲ್ಲಿಯೂ ಈಗ ಜನರು ಚಾಕೊಲೇಟ್ ಸಿಸ್ಟ್ ಎಂದೇ ಕರೆಯುತ್ತಾರೆ. ಸ್ಕ್ಯಾನಿಂಗ್ ವರದಿಯನ್ನು ಕೈಯಲ್ಲಿ ಹಿಡಿದು ಬಂದ ಹೆಣ್ಣುಮಕ್ಕಳ ಬಾಯಲ್ಲಿ ಆ ಹೆಸರು ಸರಾಗವಾಗಿ ಹೊರಳುತ್ತದೆ.

ಮುಟ್ಟಿನ ದಿನಗಳಲ್ಲಿ ಎದ್ದು ನಿಲ್ಲಲಾಗದ ಕೆಳಹೊಟ್ಟೆಯ ನೋವು, ದಾಂಪತ್ಯದಲ್ಲಿ ನೋವು, ಮಲಮೂತ್ರ ವಿಸರ್ಜನೆಯಲ್ಲಿ ನೋವು, ಬಳಲಿಕೆ, ಅನೇಕರಲ್ಲಿ ಮಕ್ಕಳಾಗದಿರುವುದು, ಇವು ಇದರ ಲಕ್ಷಣಗಳು. ಪ್ರಪಂಚದಲ್ಲಿ ಮುಟ್ಟಾಗುವ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಹತ್ತು ಮಂದಿಗೆ, ಅಂದರೆ ಸುಮಾರು 19 ಕೋಟಿ ಜನಕ್ಕೆ, ಈ ವ್ಯಾಧಿಯುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ನಿರ್ಮೂಲಗೊಳಿಸುವ ಔಷಧವಿಲ್ಲ. ಹಾರ್ಮೋನು ಮಾತ್ರೆಗಳಿಂದ ಅಡಗಿಸಬಹುದು, ಶಸ್ತ್ರಕ್ರಿಯೆಯಿಂದ ತೆಗೆಯಬಹುದು. ತೆಗೆದುದು ಎಷ್ಟೋ ವೇಳೆ ಮರಳಿ ಬರುತ್ತದೆ.

ಇದು ಏಕೆ ಬರುತ್ತದೆಂಬ ಪ್ರಶ್ನೆಗೆ, ಅಮೆರಿಕದ ಆಲ್ಬನಿ ನಗರದ ಶಸ್ತ್ರವೈದ್ಯ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಕೊಟ್ಟ ಉತ್ತರವು ಇಂದಿಗೂ ಪ್ರಧಾನವಾಗಿ ನಿಂತಿದೆ. ಮುಟ್ಟಿನ ರಕ್ತದ ಒಂದಂಶವು ಹೊರಕ್ಕೆ ಹರಿಯುವ ಬದಲು ಡಿಂಬನಾಳಗಳ ಮೂಲಕ ಹಿಂದಕ್ಕೆ ಹರಿದು, ಅದರೊಂದಿಗೆ ಹೋದ ಜೀವಕಣಗಳು ಉದರದಲ್ಲಿ ನಾಟಿಕೊಳ್ಳುತ್ತವೆಂದು ಅವನು ಪ್ರತಿಪಾದಿಸಿದನು. ರಜಸ್ಸು ಊರ್ಧ್ವಗತಿಯನ್ನು ಹೊಂದುವುದರಿಂದ ವೇದನೆಯುಂಟಾಗುವ ಯೋನಿರೋಗವೊಂದನ್ನು ಚರಕಸಂಹಿತೆಯು ಇಪ್ಪತ್ತು ಯೋನಿವ್ಯಾಪತ್ತುಗಳ ನಡುವೆ ಎಣಿಸಿರುವುದನ್ನು ಕಂಡು, ಸ್ಯಾಂಪ್ಸನ್ನನು ಹೇಳಿದುದು ನಮಗೆ ಮೊದಲೇ ಗೊತ್ತಿತ್ತೆಂದು ಎದೆಯುಬ್ಬಿಸುವವರಿದ್ದಾರೆ. ನೋವನ್ನು ಸೂಕ್ಷ್ಮವಾಗಿ ಗಮನಿಸಿದ ಪೂರ್ವಿಕರ ಮೇಲೆ ಗೌರವವಿರಲಿ, ಆದರೆ ವಾಯುವಿನ ಗತಿಯನ್ನು ಹೇಳುವ ಶಾಸ್ತ್ರಕ್ಕೂ ಉದರವನ್ನು ತೆರೆದು ನೋಡಿದ ಶಾಸ್ತ್ರಕ್ಕೂ ನಡುವೆ ಇರುವ ದೂರವನ್ನು ಅಭಿಮಾನದಿಂದ ಅಳಿಸಲಾಗದು. ಅದಿರಲಿ. ಸ್ಯಾಂಪ್ಸನ್ನನ ಸಿದ್ಧಾಂತಕ್ಕೆ ಒದಗಿದ ತೊಡಕು ಬೇರೆ: ಹೀಗೆ ರಕ್ತವು ಹಿಂದಕ್ಕೆ ಹರಿಯುವುದು ಹತ್ತರಲ್ಲಿ ಒಂಬತ್ತು ಸ್ತ್ರೀಯರಲ್ಲಿ ಕಂಡುಬರುವ ಸಾಮಾನ್ಯ ಸಂಗತಿಯೆಂದು ಮುಂದೆ ತಿಳಿದುಬಂತು. ಒಂಬತ್ತು ಮಂದಿಯಲ್ಲಿ ಬೀಜ ಬಿದ್ದರೂ ಒಬ್ಬಳ ಒಡಲಲ್ಲಿ ಮಾತ್ರ ಅದು ಮೊಳೆಯುವುದೇಕೆ? ಬೀಜವು ಎಲ್ಲರಲ್ಲಿಯೂ ಇರುವುದಾದರೆ ವ್ಯತ್ಯಾಸವನ್ನು ನೆಲದಲ್ಲಿ ಹುಡುಕಬೇಕಷ್ಟೆ. ವಂಶವಾಹಿಗಳ ಅನ್ವೇಷಣೆಯು ಆರಂಭವಾದುದು ಈ ತರ್ಕದಿಂದ.

ಮೊದಲ ಸ್ಫುಟವಾದ ಸಾಕ್ಷ್ಯವನ್ನು ಒದಗಿಸಿದವರು ಅಮೆರಿಕದ ಜೋ ಲೀ ಸಿಂಪ್ಸನ್ ಮತ್ತು ಅವರ ಸಂಗಡಿಗರು. 1980ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಕ್ರಿಯೆಯಿಂದ ರೋಗವು ಖಚಿತವಾಗಿದ್ದ 123 ಸ್ತ್ರೀಯರ ಕುಟುಂಬಗಳನ್ನು ವಿಚಾರಿಸಿದಾಗ, ಅವರ ತಾಯಂದಿರಲ್ಲಿ ನೂರಕ್ಕೆ 8.1 ಮಂದಿಗೂ ಅಕ್ಕತಂಗಿಯರಲ್ಲಿ 5.9 ಮಂದಿಗೂ ಅದೇ ರೋಗವಿದ್ದುದು ಕಂಡಿತು. ಹೋಲಿಕೆಗಾಗಿ ಅವರು ಆರಿಸಿಕೊಂಡುದು ಆ ಸ್ತ್ರೀಯರ ಅತ್ತೆಯರನ್ನೂ ನಾದಿನಿಯರನ್ನೂ; ಅವರಲ್ಲಿ ರೋಗವಿದ್ದುದು ನೂರಕ್ಕೆ ಒಬ್ಬರಿಗೆ. ಗಂಡನ ಮನೆಯವರು ಅದೇ ವಯಸ್ಸಿನ, ಅದೇ ಅಂತಸ್ತಿನ, ಆದರೆ ರಕ್ತಸಂಬಂಧವಿಲ್ಲದ ಜನರೆಂಬುದು ಈ ಉಪಾಯದ ತಳಹದಿ. ಅಮೆರಿಕದಲ್ಲಿ ಅದು ಸರಿಯೇ. ಇದೇ ಅಧ್ಯಯನವನ್ನು ಪಿರಿಯಾಪಟ್ಟಣದಲ್ಲಿಯೋ ಕೃಷ್ಣರಾಜನಗರದಲ್ಲಿಯೋ ಮಾಡಹೊರಟವನ ಅವಸ್ಥೆಯನ್ನು ಊಹಿಸಿಕೊಳ್ಳಿ. ಸೋದರಮಾವನ ಕೈಹಿಡಿದವಳಿಗೆ ಅತ್ತೆಯಾದವಳು ಹೆತ್ತ ತಾಯಿಯ ತಾಯಿ. ಸೋದರತ್ತೆಯ ಮಗನನ್ನು ವರಿಸಿದವಳಿಗೆ ಅತ್ತೆಯಾದವಳು ತಂದೆಯ ಒಡಹುಟ್ಟಿದವಳು. ಯಾರನ್ನು ಅನ್ಯರೆಂದು ಬಗೆದು ಲೆಕ್ಕಕ್ಕೆ ಹಿಡಿದನೋ ಅವರೇ ರಕ್ತದ ಬಂಧುಗಳಾಗಿ, ಪರದೇಶದ ಸೂತ್ರವು ಹೊಸ್ತಿಲಲ್ಲಿಯೇ ಎಡವುತ್ತದೆ.

ಇದು ವಿನೋದಕ್ಕೆ ಹೇಳಿದ ಮಾತಲ್ಲ. ರಾಧಾ ರಮಾದೇವಿ, ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಎ. ಎಚ್. ಬಿಟಲ್ಸ್ ಇವರು 1982ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕರ್ನಾಟಕದ 65 ಸಾವಿರಕ್ಕೂ ಮೇಲ್ಪಟ್ಟ ವಿವಾಹಗಳ ವಿವರವನ್ನು ಕಲೆಹಾಕಿ, ಮೂರರಲ್ಲಿ ಹೆಚ್ಚುಕಡಮೆ ಒಂದು ವಿವಾಹವು ರಕ್ತಸಂಬಂಧದಲ್ಲಿ ನಡೆದುದೆಂದು ತೋರಿಸಿದರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೂ ಆ ಪ್ರಮಾಣವು ಕಾಲುಭಾಗಕ್ಕಿಂತ ಕೆಳಗೆ ಇಳಿದಿರಲಿಲ್ಲ. ಈ ಬಗೆಯ ವಿವಾಹದಿಂದ ಮಕ್ಕಳಿಗೆ ಬರಬಹುದಾದ ದೋಷಗಳನ್ನು ಕುರಿತು ಬೇಕಾದಷ್ಟು ಉಪದೇಶವನ್ನು ನಮ್ಮ ಜನ ಕೇಳಿದ್ದಾರೆ. ಅದೇ ವಿವಾಹಗಳು ತಲೆಮಾರಿನಿಂದ ತಲೆಮಾರಿಗೆ ವಂಶವಾಹಿಗಳ ಒಂದೇ ತುಣುಕನ್ನು ಎರಡು ಕಡೆಯಿಂದಲೂ ಮಗುವಿಗೆ ಮುಟ್ಟಿಸಿ, ಬೇರೆಡೆ ಮರೆಯಾಗಿಯೇ ಉಳಿಯುವ ವಿರಳ ವ್ಯತ್ಯಾಸಗಳನ್ನು ಬೆಳಕಿಗೆ ತರುವುದರಿಂದ, ಸಂಶೋಧಕನ ಪಾಲಿಗೆ ಮೈಸೂರು ಸೀಮೆಯ ಒಂದು ಒಕ್ಕಲುಮನೆಯು ದೂರದೇಶದ ಅನೇಕ ಮನೆಗಳಿಗಿಂತ ಹೆಚ್ಚಿನದನ್ನು ಹೇಳಬಲ್ಲುದೆಂಬುದನ್ನು ಮಾತ್ರ ಯಾರೂ ಅಷ್ಟಾಗಿ ಹೇಳಿಲ್ಲ.

ಆದರೆ ಆ ಮನೆಯು ಮಾತನಾಡಬೇಕಲ್ಲ! ವಂಶವಿಜ್ಞಾನದ ವೈದ್ಯೆಯು ಕುಟುಂಬದ ನಕ್ಷೆಯನ್ನು ಬರೆಯುವ ಕ್ರಮ ಸರಳವಾದುದು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ; ದಂಪತಿಗಳ ನಡುವೆ ಒಂದು ಗೆರೆ, ಅವರು ರಕ್ತಸಂಬಂಧಿಗಳಾದರೆ ಜೋಡಿ ಗೆರೆ; ರೋಗವುಳ್ಳವರ ಗುರುತಿಗೆ ಕಪ್ಪು ತುಂಬಬೇಕು. ನಮ್ಮ ಕಡೆಯ ಒಂದು ಕುಟುಂಬದ ನಕ್ಷೆಯಲ್ಲಿ ಜೋಡಿ ಗೆರೆಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ಅಜ್ಜನ ಸಕ್ಕರೆ ಕಾಯಿಲೆ, ದೊಡ್ಡಪ್ಪನ ಲಕ್ವ, ಚಿಕ್ಕಪ್ಪನ ಹೃದಯಾಘಾತ, ಇವೆಲ್ಲವೂ ತಡೆಯಿಲ್ಲದೆ ಹೊರಬಂದು ಚೌಕಗಳು ಒಂದೊಂದಾಗಿ ಕಪ್ಪಾಗುತ್ತವೆ. ವೃತ್ತಗಳ ಸರದಿ ಬಂದಾಗ ಮಾತು ನಿಲ್ಲುತ್ತದೆ. “ನಿಮ್ಮ ತಾಯಿಗೂ ಮುಟ್ಟಿನಲ್ಲಿ ಹೀಗೇ ನೋವು ಬರುತ್ತಿತ್ತೇನಮ್ಮ?” ಎಂದು ಕೇಳಿದರೆ, “ಗೊತ್ತಿಲ್ಲ ಡಾಕ್ಟ್ರಮ್ಮ, ನಮ್ಮವ್ವ ಅಂಥಾದ್ದನ್ನೆಲ್ಲ ಯಾರ ಮುಂದೇನೂ ಹೇಳ್ತಿರಲಿಲ್ಲ” ಎಂಬುದು ಯಾವ ಆಸ್ಪತ್ರೆಯಲ್ಲಾದರೂ ಕೇಳಿಬರುವ ಉತ್ತರ. ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲವೆಂಬುದು ಗೊತ್ತು. ಏಕೆ ಇರಲಿಲ್ಲವೆಂಬುದು ಗೊತ್ತಿಲ್ಲ. ದೇವರ ಹರಕೆ ತೀರಿಸದಿದ್ದುದಕ್ಕೆಂದು ಊರು ಹೇಳಿಕೊಂಡಿತ್ತು. ದೊಡ್ಡಮ್ಮನ ಗರ್ಭಕೋಶವನ್ನು ಮೂವತ್ತೈದರೊಳಗೇ ತೆಗೆಸಿದ್ದರು. ತೆಗೆದ ಗರ್ಭಕೋಶದಲ್ಲಿ ಏನಿತ್ತೆಂಬ ಕಾಗದವನ್ನು ಮನೆಯಲ್ಲಿ ಯಾರೂ ಇಟ್ಟುಕೊಂಡಿಲ್ಲ. ಹೀಗೆ ವೃತ್ತಗಳೆಲ್ಲ ಬಿಳಿಯಾಗಿಯೇ ಉಳಿಯುತ್ತವೆ. ಈ ವೃತ್ತಗಳ ಬಿಳುಪನ್ನು ಆರೋಗ್ಯವೆಂದು ಓದಿಕೊಂಡ ಗಣಕಯಂತ್ರವು ಎಷ್ಟು ಚುರುಕಾದರೇನು, ಅದು ಕೊಡುವ ಉತ್ತರವು ತಪ್ಪಾಗಿಯೇ ಇರುತ್ತದೆ.

ಕುಟುಂಬದಲ್ಲಿ ಹರಿದು ಬಂದುದೆಲ್ಲವೂ ವಂಶವಾಹಿಯ ಕೆಲಸವೆಂದು ಹೇಳುವಂತಿಲ್ಲ. ಒಂದೇ ಒಲೆಯ ಊಟವನ್ನೂ ಒಂದೇ ಬಾವಿಯ ನೀರನ್ನೂ ಒಂದೇ ಬಗೆಯ ದುಡಿಮೆಯನ್ನೂ ಮನೆಯವರು ಹಂಚಿಕೊಂಡಿರುತ್ತಾರೆ. ಇದನ್ನು ಬಿಡಿಸಲು ವಿಜ್ಞಾನಿಗಳು ಅವಳಿಗಳ ಮೊರೆಹೋಗುವುದುಂಟು. ಆಸ್ಟ್ರೇಲಿಯದಲ್ಲಿ 3096 ಮಂದಿ ಅವಳಿ ಸ್ತ್ರೀಯರನ್ನು ಕುರಿತು ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವು, ಒಂದೇ ಅಂಡದಿಂದ ಹುಟ್ಟಿದ ಅವಳಿಗಳನ್ನೂ ಬೇರೆ ಬೇರೆ ಅಂಡಗಳಿಂದ ಹುಟ್ಟಿದವರನ್ನೂ ಹೋಲಿಸಿ, ಈ ರೋಗಕ್ಕೆ ಒಳಗಾಗುವ ಸಾಧ್ಯತೆಯಲ್ಲಿ ಸ್ತ್ರೀಯರೊಳಗೆ ಕಾಣುವ ವ್ಯತ್ಯಾಸದ ನೂರಕ್ಕೆ 51 ಪಾಲು ಅನುವಂಶಿಕವೆಂದು ತೀರ್ಮಾನಿಸಿತು. ತಾಯಿಗಿದ್ದರೆ ಮಗಳಿಗೆ ಬರುವುದು ನೂರಕ್ಕೆ ಐವತ್ತೊಂದು ನಿಶ್ಚಯವೆಂದು ಇದರ ಅರ್ಥವಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಪತ್ರಿಕೆಗಳಲ್ಲಿ ಹಾಗೆಯೇ ಅಚ್ಚಾಗುವುದನ್ನು ನೋಡಿದ್ದೇನೆ. ಆ ಅಂಕಿಯು ಒಂದು ಜನಸಮೂಹದೊಳಗಣ ವ್ಯತ್ಯಾಸಗಳ ಮಾತು, ಒಬ್ಬ ಮಗಳ ಹಣೆಬರಹದ ಮಾತಲ್ಲ.

ಅನುವಂಶಿಕ ವ್ಯಾಧಿಯೆಂದೊಡನೆ ನಮ್ಮ ಸೀಮೆಯಲ್ಲಿ ನೆನಪಾಗುವುದು ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿ ಕಾಣುವ ಸಿಕಲ್ ಸೆಲ್ ರಕ್ತಹೀನತೆ. ಅಲ್ಲಿ ವಿಷಯವು ನೇರವಾದುದು: ಹೀಮೋಗ್ಲೋಬಿನ್ನಿನ ಒಂದೇ ವಂಶವಾಹಿಯಲ್ಲಿ ಒಂದೇ ಅಕ್ಷರ ಪಲ್ಲಟವಾಗಿರುತ್ತದೆ, ತಾಯಿತಂದೆಗಳಿಬ್ಬರಿಂದಲೂ ಅದು ಬಂದರೆ ರೋಗ, ಒಬ್ಬರಿಂದ ಬಂದರೆ ವಾಹಕತ್ವ, ಒಂದು ಹನಿ ರಕ್ತದ ಪರೀಕ್ಷೆಯಿಂದ ನಿರ್ಣಯ. ಎಂಡೊಮೆಟ್ರಿಯೋಸಿಸ್ ಇಂಥದಲ್ಲ. 2010ರಲ್ಲಿ ಜಪಾನಿನ ಸಂಶೋಧಕರು ರೋಗಿಗಳ ಮತ್ತು ರೋಗವಿಲ್ಲದವರ ವಂಶವಾಹಿಗಳ ಸಮಗ್ರ ಸಂಪುಟವನ್ನು ಲಕ್ಷಾಂತರ ಗುರುತುಗಳಲ್ಲಿ ಹೋಲಿಸಿ, ಒಂಬತ್ತನೆಯ ವರ್ಣತಂತುವಿನ ಒಂದು ತಾಣದಲ್ಲಿಯೂ, ಮೊದಲನೆಯ ವರ್ಣತಂತುವಿನಲ್ಲಿ ಡಬ್ಲ್ಯುಎನ್‌ಟಿ4 ಎಂಬ ವಂಶವಾಹಿಯ ನೆರೆಯಲ್ಲಿಯೂ ಭೇದವಿರುವುದನ್ನು ಗುರುತಿಸಿದರು. ಈ ಎರಡನೆಯದು ಹೆಣ್ಣು ಭ್ರೂಣದಲ್ಲಿ ಜನನಾಂಗಗಳು ರೂಪುಗೊಳ್ಳುವಾಗ ಕೆಲಸ ಮಾಡುವಂಥದು. ಹದಿಮೂರು ವರ್ಷಗಳ ತರುವಾಯ, 2023ರಲ್ಲಿ, ಆಕ್ಸ್‌ಫರ್ಡಿನ ನೇತೃತ್ವದಲ್ಲಿ 60,674 ಮಂದಿ ರೋಗಿಗಳನ್ನೂ ಏಳು ಲಕ್ಷಕ್ಕೂ ಹೆಚ್ಚು ಇತರರನ್ನೂ ಒಳಗೊಂಡು ಪ್ರಕಟವಾದ ಮಹಾಗಣನೆಯಲ್ಲಿ ಇಂಥ ತಾಣಗಳ ಸಂಖ್ಯೆಯು 42ಕ್ಕೆ ಏರಿತು. ಅವುಗಳಲ್ಲಿ ಕೆಲವು ಈಸ್ಟ್ರೋಜೆನ್ ಮೊದಲಾದ ಹಾರ್ಮೋನುಗಳಿಗೆ ಸಂಬಂಧಪಟ್ಟವು. ಇನ್ನು ಕೆಲವು ನೋವನ್ನು ಅನುಭವಿಸುವ ನರವ್ಯವಸ್ಥೆಗೆ ಸೇರಿದವು. ಅರೆತಲೆನೋವಿಗೂ ಬೆನ್ನುನೋವಿಗೂ ಈ ರೋಗಕ್ಕೂ ವಂಶವಾಹಿಗಳ ಮಟ್ಟದಲ್ಲಿಯೇ ಬಾಂಧವ್ಯವಿದೆಯೆಂದು ಆಗ ತಿಳಿಯಿತು. ತಲೆನೋವು, ಸೊಂಟನೋವು, ಹೊಟ್ಟೆನೋವು ಎಂದು ದಿನಕ್ಕೊಂದು ನೆವ ಹೇಳುತ್ತಾಳೆಂದು ಸೊಸೆಯನ್ನು ಮೂದಲಿಸಿದ ಅತ್ತೆಯರು ಗಮನಿಸಬೇಕಾದ ಸಂಗತಿಯಿದು.

ಇಷ್ಟಾದರೂ ಆ ನಲವತ್ತೆರಡು ತಾಣಗಳು ಒಟ್ಟಾಗಿ ವಿವರಿಸಬಲ್ಲುದು ರೋಗದ ವ್ಯತ್ಯಾಸದಲ್ಲಿ ನೂರಕ್ಕೆ ಹೆಚ್ಚೆಂದರೆ ಐದು ಪಾಲನ್ನು. ಅವಳಿಗಳು ಹೇಳಿದ ಐವತ್ತೊಂದೆಲ್ಲಿ, ಈ ಐದೆಲ್ಲಿ! ಉಳಿದುದು ಎಲ್ಲಿ ಅಡಗಿದೆಯೆಂಬುದೇ ಈಗಿನ ಸಂಶೋಧನೆಯ ತಿರುಳು. ಒಂದು ಪಾಲು, ಇನ್ನೂ ಚಿಕ್ಕ ಪ್ರಭಾವದ ನೂರಾರು ತಾಣಗಳಲ್ಲಿ ಹಂಚಿಹೋಗಿರಬೇಕು. ಮತ್ತೊಂದು ಪಾಲು, ಕೆಲವೇ ಕುಟುಂಬಗಳಲ್ಲಿರುವ, ಆದರೆ ಪ್ರಬಲವಾದ ವಿರಳ ವ್ಯತ್ಯಾಸಗಳಲ್ಲಿರಬೇಕು. ಮೂವರು ಅಥವಾ ಅದಕ್ಕಿಂತ ಹೆಚ್ಚು ಸ್ತ್ರೀಯರಿಗೆ ರೋಗವಿದ್ದ ಕುಟುಂಬಗಳನ್ನೇ ಹುಡುಕಿ, ಜೊತೆಗೆ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಸಾಕಿದ ಮಂಗಗಳನ್ನೂ ಪರೀಕ್ಷಿಸಿ, ಎನ್‌ಪಿಎಸ್‌ಆರ್1 ಎಂಬ ವಂಶವಾಹಿಯನ್ನು ಸಂಶೋಧಕರು 2021ರಲ್ಲಿ ಬೆಳಕಿಗೆ ತಂದುದು ಈ ಎರಡನೆಯ ಮಾರ್ಗದಿಂದ. ಮುಟ್ಟಾಗುವ ಪ್ರಾಣಿಗಳು ಬಹು ವಿರಳ; ಅಂಥದಾದ ರೀಸಸ್ ಮಂಗಕ್ಕೂ ಈ ರೋಗವು ತಾನಾಗಿಯೇ ಬರುತ್ತದೆ. ಆ ವಂಶವಾಹಿಯ ಕಾರ್ಯವನ್ನು ತಡೆಯುವ ದ್ರವ್ಯವನ್ನು ಇಲಿಗಳಿಗೆ ಕೊಟ್ಟಾಗ ಉರಿಯೂತವೂ ನೋವೂ ತಗ್ಗಿದುವೆಂಬುದು, ಹಾರ್ಮೋನನ್ನು ಆಶ್ರಯಿಸದ ಔಷಧವೊಂದು ಸಾಧ್ಯವೆಂಬ ಆಸೆಯನ್ನು ಹುಟ್ಟಿಸಿದೆ. ಇಲಿಯಿಂದ ಮನುಷ್ಯರವರೆಗಿನ ದಾರಿ ದೀರ್ಘವೆಂಬುದನ್ನು ಮರೆಯದೆ ಆ ಆಸೆಯನ್ನಿಟ್ಟುಕೊಳ್ಳಬಹುದು.

ಹುಟ್ಟಿನಿಂದ ಬಂದ ವ್ಯತ್ಯಾಸವಲ್ಲದೆ, ಬಾಳಿನ ನಡುವೆ ಕೆಲವು ಜೀವಕಣಗಳಲ್ಲಿ ಮಾತ್ರ ಉಂಟಾಗುವ ಪಲ್ಲಟಗಳೂ ಇವೆ. ಆಳಕ್ಕಿಳಿದ ಎಂಡೊಮೆಟ್ರಿಯೋಸಿಸ್‌ನ ಗಂಟುಗಳಲ್ಲಿ, ಕ್ಯಾನ್ಸರಿನಲ್ಲಿ ಕಾಣುವಂಥ ಕೆಆರ್‌ಎಎಸ್ ಮೊದಲಾದ ವಂಶವಾಹಿಗಳ ಪಲ್ಲಟವಿರುವುದು 2017ರಲ್ಲಿ ವರದಿಯಾಯಿತು. ಗಂಟುಗಳು ಕ್ಯಾನ್ಸರಲ್ಲ, ಈ ಪಲ್ಲಟಗಳು ಮಗಳಿಗೆ ಬಳುವಳಿಯಾಗಿ ಹೋಗುವುದೂ ಇಲ್ಲ. ಆದುದರಿಂದ ವಂಶವಾಹಿಯಲ್ಲಿ ದೋಷವಿದೆ ಎಂದೊಡನೆ ತಾಯಿಯನ್ನು ದೂರುವುದಕ್ಕೆ ಹೊರಡಬಾರದು.

ಮೇಲೆ ಹೇಳಿದ 2023ರ ಮಹಾಗಣನೆಯಲ್ಲಿ ಲೆಕ್ಕಕ್ಕೆ ಬಂದವರು ಯುರೋಪಿನ ಮತ್ತು ಪೂರ್ವ ಏಷ್ಯದ ಮೂಲದವರು. ಪ್ರಪಂಚದ ಸ್ತ್ರೀಯರಲ್ಲಿ ಆರರಲ್ಲೊಂದು ಪಾಲಿರುವ ಭಾರತವು ಆ ಪಂಕ್ತಿಯಲ್ಲಿ ಇರಲಿಲ್ಲ. ನಮ್ಮಲ್ಲಿ ಏನೂ ನಡೆದಿಲ್ಲವೆಂದಲ್ಲ. ಹೈದರಾಬಾದಿನ ಕೋಶೀಯ ಮತ್ತು ಆಣವಿಕ ಜೀವವಿಜ್ಞಾನ ಕೇಂದ್ರದವರು ಅಲ್ಲಿಯ ಸ್ತ್ರೀರೋಗತಜ್ಞರೊಡಗೂಡಿ, ದೇಹದ ವಿಷಗಳನ್ನು ಕಳೆಯುವ ಕೆಲವು ವಂಶವಾಹಿಗಳನ್ನು ದಕ್ಷಿಣ ಭಾರತದ ಸ್ತ್ರೀಯರಲ್ಲಿ ಪರಿಶೀಲಿಸಿ 2005ರಲ್ಲಿಯೇ ಲೇಖನಗಳನ್ನು ಪ್ರಕಟಿಸಿದ್ದರು. ಆದರೆ ಕೆಲವು ನೂರು ಮಂದಿಯಲ್ಲಿ ಒಂದೆರಡು ವಂಶವಾಹಿಗಳನ್ನು ನೋಡುವ ಆ ಕಾಲದ ಕ್ರಮವು, ಸಾವಿರಾರು ಸಣ್ಣ ಕಾರಣಗಳುಳ್ಳ ರೋಗಕ್ಕೆ ಸಾಲದಾಯಿತು. ಈಗ ಮುಂಬಯಿಯ ರಾಷ್ಟ್ರೀಯ ಸಂತಾನೋತ್ಪತ್ತಿ ಮತ್ತು ಶಿಶು ಆರೋಗ್ಯ ಸಂಶೋಧನ ಸಂಸ್ಥೆಯ ಡಾ. ರಾಹುಲ್ ಗಜಭಿಯೆ ಅವರ ನೇತೃತ್ವದಲ್ಲಿ, ಆಕ್ಸ್‌ಫರ್ಡಿನವರ ಸಹಯೋಗದೊಡನೆ, ದೇಶದ ನಾನಾ ದಿಕ್ಕಿನ ಆಸ್ಪತ್ರೆಗಳನ್ನು ಕೂಡಿಸಿಕೊಂಡು, ಈ ರೋಗದ ಲಕ್ಷಣಗಳನ್ನೂ ವಂಶವಾಹಿಗಳನ್ನೂ ಒಟ್ಟಿಗೆ ಅಭ್ಯಸಿಸುವ ದೊಡ್ಡ ಯೋಜನೆಯು ನಡೆದಿದೆ. ಇನ್ನೊಂದು ಕಡೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರವು ಸಂಯೋಜಿಸಿದ ಜೀನೋಮ್ ಇಂಡಿಯಾ ಯೋಜನೆಯು, ದೇಶದ ಸುಮಾರು 10,000 ಮಂದಿಯ ವಂಶವಾಹಿಗಳ ಸಂಪೂರ್ಣ ಪಾಠವನ್ನು ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ರೋಗದ ಅಧ್ಯಯನವಲ್ಲದಿದ್ದರೂ, ಭಾರತೀಯ ದೇಹದಲ್ಲಿ ಯಾವುದು ಸಾಮಾನ್ಯ, ಯಾವುದು ವಿಶೇಷವೆಂದು ಅಳೆಯುವ ಕೋಲು ಅದರಿಂದ ದೊರೆತಂತಾಯಿತು.

ಇಂಥ ಅಳತೆಕೋಲು ನಮಗೆ ಏಕೆ ಪ್ರತ್ಯೇಕವಾಗಿ ಬೇಕೆಂಬುದಕ್ಕೆ ಬೈಲಕುಪ್ಪೆಯ ನೆರೆಹೊರೆಯೇ ಉತ್ತರ. ಹೈದರಾಬಾದಿನ ತಂಗರಾಜ್ ಅವರೂ ಹಾರ್ವರ್ಡಿನ ಡೇವಿಡ್ ರೈಕ್ ಅವರೂ ಸಂಗಡಿಗರೊಡನೆ 2017ರಲ್ಲಿ ಪ್ರಕಟಿಸಿದ ಅಧ್ಯಯನವು, ದಕ್ಷಿಣ ಏಷ್ಯದ ಎಷ್ಟೋ ಜಾತಿಪಂಗಡಗಳು ಬಹುಕಾಲದ ಹಿಂದೆ ಕೆಲವೇ ಮೂಲಪುರುಷರಿಂದ ಟಿಸಿಲೊಡೆದು, ಒಳಗೊಳಗೇ ಕೊಟ್ಟುತಂದು ಬೆಳೆದವೆಂದೂ, ಆದುದರಿಂದ ಒಂದೊಂದು ಪಂಗಡಕ್ಕೆ ಅದರದೇ ಆದ ವಿರಳ ವ್ಯತ್ಯಾಸಗಳು ಇರುತ್ತವೆಯೆಂದೂ ತೋರಿಸಿತು. ಟಿಬೆಟನ್ನರ ಮಾತು ಇನ್ನೂ ವಿಚಿತ್ರ. ವಿರಳವಾದ ಗಾಳಿಯ ಎತ್ತರದಲ್ಲಿ ಉಸಿರಾಡಿ ಬಾಳಲು ನೆರವಾಗುವ ಇಪಿಎಎಸ್1 ಎಂಬ ವಂಶವಾಹಿಯ ಒಂದು ರೂಪವು ಟಿಬೆಟನ್ನರಲ್ಲಿ ನೂರಕ್ಕೆ 87ರಷ್ಟೂ ಅವರ ನೆರೆಯ ಹಾನ್ ಚೀನಿಯರಲ್ಲಿ 9ರಷ್ಟೂ ಇರುವುದು 2010ರಲ್ಲಿ ಪತ್ತೆಯಾಯಿತು. ಅದು ಡೆನಿಸೋವನ್ ಎಂಬ, ಅಳಿದುಹೋದ ಪ್ರಾಚೀನ ಮಾನವಕುಲದಿಂದ ಬಂದ ಬಳುವಳಿಯೆಂದು 2014ರಲ್ಲಿ ತಿಳಿಯಿತು. ಆ ವಂಶವಾಹಿಯು ಆಮ್ಲಜನಕದ ಅಭಾವಕ್ಕೆ ಜೀವಕಣಗಳು ತೋರುವ ಪ್ರತಿಕ್ರಿಯೆಯನ್ನು ನಡೆಸುವಂಥದು. ಗರ್ಭಕೋಶದಿಂದ ಕಳಚಿ, ರಕ್ತದ ಪೂರೈಕೆ ತಪ್ಪಿ, ಉದರದಲ್ಲಿ ಬಿದ್ದ ಕಣಗಳು ಬದುಕಿಕೊಳ್ಳುವುದರಲ್ಲಿಯೂ ಇದೇ ಪ್ರತಿಕ್ರಿಯೆಗೆ ಪಾತ್ರವಿದೆಯೆಂದು ಪ್ರಯೋಗಶಾಲೆಗಳ ಶೋಧಗಳು ಹೇಳುತ್ತವೆ. ಇವೆರಡನ್ನು ಕೂಡಿಸಿ, ಟಿಬೆಟನ್ ಸ್ತ್ರೀಯರಿಗೆ ಈ ರೋಗವು ಹೆಚ್ಚೆಂದೋ ಕಡಮೆಯೆಂದೋ ಹೇಳಿಬಿಡುವುದು ಶುದ್ಧ ದುಡುಕು. ಕೇಳಲು ಯೋಗ್ಯವಾದ ಪ್ರಶ್ನೆಯೆನ್ನಬಹುದು, ಅಷ್ಟೆ. ಆ ಪ್ರಶ್ನೆಯನ್ನು ಕೇಳಲು, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಿಂತ ಕಡಮೆ ಎತ್ತರದ ಬಯಲಿನಲ್ಲಿ ಅರುವತ್ತು ವರ್ಷಗಳಿಂದ ನೆಲೆಸಿ ಮಕ್ಕಳು ಮೊಮ್ಮಕ್ಕಳನ್ನು ಕಂಡ ಈ ಜನರಿಗಿಂತ ಪ್ರಶಸ್ತವಾದವರು ಸಿಕ್ಕಲಾರರು.

ಪ್ರಶಸ್ತರೆಂದ ಮಾತ್ರಕ್ಕೆ ಸೂಜಿಯನ್ನು ಹಿಡಿದು ಅವರ ಬಾಗಿಲಿಗೆ ಓಡುವುದು ಸಲ್ಲದು. ಅಮೆರಿಕದ ಅರಿಜೋನದಲ್ಲಿ ಹವಸುಪಾಯಿ ಎಂಬ ಮೂಲನಿವಾಸಿಗಳಿಂದ 1990ರ ಸುಮಾರಿನಲ್ಲಿ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ತೆಗೆದುಕೊಂಡ ರಕ್ತವನ್ನು, ಅವರಿಗೆ ತಿಳಿಸದೆ ಮನೋರೋಗದ ಮತ್ತು ಕುಲಮೂಲದ ಶೋಧನೆಗೂ ಬಳಸಿದುದು ಹೊರಬಿದ್ದು, ಆ ಅಧ್ಯಯನವನ್ನು ನಡೆಸಿದ ವಿಶ್ವವಿದ್ಯಾನಿಲಯವು 2010ರಲ್ಲಿ ಪರಿಹಾರವನ್ನು ಕೊಟ್ಟು, ಉಳಿದ ರಕ್ತವನ್ನು ಹಿಂದಿರುಗಿಸಬೇಕಾಯಿತು. ದೇಶಭ್ರಷ್ಟರಾಗಿ ಬಂದವರಿಗೂ ಹಾಡಿಯಲ್ಲಿರುವ ಜೇನುಕುರುಬರಿಗೂ ಒಪ್ಪಿಗೆಯ ಕಾಗದವನ್ನು ಅವರವರ ಮಾತಿನಲ್ಲಿ ಓದಿ ಹೇಳಿ, ಬೇಡವೆನ್ನುವ ಸ್ವಾತಂತ್ರ್ಯವನ್ನು ನಿಜವಾಗಿಯೂ ಕೊಟ್ಟು, ಕಂಡುದನ್ನು ಮರಳಿ ಬಂದು ತಿಳಿಸುವಷ್ಟು ಸೌಜನ್ಯವಿಲ್ಲದ ಸಂಶೋಧನೆಯು, ಎಷ್ಟು ಪ್ರತಿಭಾಪೂರ್ಣವಾಗಿದ್ದರೂ ಒಂದು ಬಗೆಯ ಕಳವು.

ಎಲ್ಲಕ್ಕಿಂತ ಕಠಿನವಾದ ಕೆಲಸವು ಪ್ರಯೋಗಶಾಲೆಯ ಹೊರಗಿದೆಯೆಂಬುದು ನನ್ನ ಅಭಿಪ್ರಾಯ. ವಂಶವಾಹಿಗಳನ್ನು ಓದುವ ಖರ್ಚು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ರೋಗಿಯನ್ನು ರೋಗಿಯೆಂದು ಗುರುತಿಸುವ ಖರ್ಚು ಇಳಿದಿಲ್ಲ. ಮುಂದುವರಿದ ದೇಶಗಳಲ್ಲಿಯೂ ಮೊದಲ ನೋವಿನಿಂದ ರೋಗದ ಹೆಸರು ತಿಳಿಯುವವರೆಗೆ ಏಳೆಂಟು ವರ್ಷಗಳು ಕಳೆಯುವುದುಂಟು. ನಮ್ಮಲ್ಲಿ ನೋವೆಂದ ಹುಡುಗಿಗೆ ಮೊದಲು ಸಿಕ್ಕುವುದು ಜೀರಿಗೆಯ ಕಷಾಯ, ಬಳಿಕ ಮೆಡಿಕಲ್ ಸ್ಟೋರಿನ ಮಾತ್ರೆ, ಆಮೇಲೆ “ಒಂದು ಮಗುವಾದರೆ ಎಲ್ಲಾ ಸರಿಹೋಗುತ್ತೆ ಬಿಡು” ಎಂಬ ಸಮಾಧಾನ. ಹೊಗೆಸೊಪ್ಪಿನ ಕಟಾವಿನ ದಿನಗಳಲ್ಲಿ, ಬ್ಯಾರನ್ನಿನ ಮುಂದೆ ಎಲೆಗಳನ್ನು ಕಡ್ಡಿಗೆ ಪೋಣಿಸುತ್ತ ಕುಳಿತ ಹೆಣ್ಣಾಳು ಸೊಂಟ ಹಿಡಿದುಕೊಂಡರೆ, ಅದನ್ನು ದುಡಿಮೆಯ ಆಯಾಸವೆಂದು ಅವಳೇ ತಿಳಿಯುತ್ತಾಳೆ. ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಹೋಗಿಬರಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ; ಹೆರಿಗೆಗಾದರೆ ಮನೆಯವರು ಕರೆದೊಯ್ಯುತ್ತಾರೆ, ಮುಟ್ಟಿನ ನೋವಿಗೆ ಯಾರು ಕರೆದೊಯ್ದಾರು? ಲ್ಯಾಪರೋಸ್ಕೋಪಿಯವರೆಗೆ ತಲುಪಿದವರನ್ನು ಮಾತ್ರ ಎಣಿಸುವ ಸಂಶೋಧನೆಯು ಪಟ್ಟಣದ, ಅನುಕೂಲವಂತರ, ಮಕ್ಕಳಿಲ್ಲವೆಂದು ಚಿಕಿತ್ಸೆಗೆ ಬಂದವರ ರೋಗವನ್ನೇ ಎಲ್ಲರ ರೋಗವೆಂದು ಭಾವಿಸುವ ಅಪಾಯವಿದೆ.

ಓದುಗರಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳ ತಾಯಂದಿರಲ್ಲಿ, ಎರಡು ಮಾತನ್ನು ಅರಿಕೆ ಮಾಡಿಕೊಳ್ಳುತ್ತೇನೆ. ರಕ್ತದಿಂದಲೋ ಎಂಜಲಿನಿಂದಲೋ ವಂಶವಾಹಿಗಳನ್ನು ಪರೀಕ್ಷಿಸಿ, ಈ ರೋಗವು ಬರುತ್ತದೆಯೋ ಇಲ್ಲವೋ ಹೇಳುತ್ತೇವೆಂದು ಜಾಹೀರಾತು ಮಾಡುವವರಿಗೆ ಹಣ ಕೊಡಬೇಡಿ. ಹಾಗೆ ಹೇಳಬಲ್ಲ ಪರೀಕ್ಷೆಯು ಇಂದು ಪ್ರಪಂಚದಲ್ಲಿ ಎಲ್ಲಿಯೂ ಇಲ್ಲ. ಮಗಳು ಮುಟ್ಟಿನ ನೋವಿನಿಂದ ತಿಂಗಳು ತಿಂಗಳೂ ಶಾಲೆಯನ್ನು ತಪ್ಪಿಸುತ್ತಿದ್ದರೆ, ಮಾತ್ರೆಗೂ ನೋವು ಜಗ್ಗದಿದ್ದರೆ, ಸ್ತ್ರೀರೋಗತಜ್ಞರಲ್ಲಿಗೆ ಕರೆದುಕೊಂಡು ಹೋಗಿ; ಹೋಗುವ ಮೊದಲು, ನಿಮಗೂ ನಿಮ್ಮ ತಾಯಿಗೂ ಅಕ್ಕತಂಗಿಯರಿಗೂ ಅತ್ತೆಗೂ ಯಾವ ವಯಸ್ಸಿನಲ್ಲಿ ಎಂಥ ನೋವಿತ್ತು, ಯಾರ ಗರ್ಭಕೋಶವನ್ನು ಏಕೆ ತೆಗೆದರು, ಯಾರಿಗೆ ಮಕ್ಕಳಾಗಲಿಲ್ಲ, ಯಾರು ಯಾರಿಗೆ ರಕ್ತಸಂಬಂಧದಲ್ಲಿ ಕೊಟ್ಟರು ಎಂಬುದನ್ನು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡು, ಆ ಹಾಳೆಯನ್ನು ವೈದ್ಯರ ಕೈಗೆ ಕೊಡಿ.